ಹದಿನಾರನೆಯ ತಲೆ

ಜರ್ಮನಿಗೆ ಹೋಗಿಬಂದೆ ಎಂದರೆ ಸಾಕು, ಏನೇನು ನೋಡಿದಿರಿ ಎಂದು ಜನ ಬೆನ್ನು ಹತ್ತುತ್ತಾರೆ. ನಾನು ನೋಡಿದ್ದು ಬಹಳ ಕಡಿಮೆ. ಒಂದು ಇಗರ್ಜಿ, ಅದೂ ಹೊರಗಿನಿಂದ. ಒಂದು ಹೊಳೆ, ಅದರಲ್ಲಿ ನಾಲ್ಕು ಬಾತುಕೋಳಿ. ನಾನು ನೋಡಿದ್ದಕ್ಕಿಂತ ಅವರು ನನ್ನನ್ನು ನೋಡಿದ್ದೇ ಹೆಚ್ಚು, ಅದೂ ತಲೆಯ ಒಳಗೆ. ಕೋಟೆ ಕೊತ್ತಲಗಳ ವರ್ಣನೆ ಬೇಕಾದವರು ಬೇರೆ ಯಾರನ್ನಾದರೂ ಹಿಡಿಯಬೇಕು.

ಕೇಶ್ವಾಪುರ

ನಾನು ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೇಳು ವರ್ಷ ಕನ್ನಡ ಕಲಿಸಿದವಳು. ಹೆಸರು ಶಾಂತಾ, ಸ್ವಭಾವ ಬೇರೆ. ಹಳೆಯ ವಿದ್ಯಾರ್ಥಿಗಳು ಕೇಶ್ವಾಪುರದ ರಸ್ತೆಯಲ್ಲಿ ನನ್ನನ್ನು ಕಂಡರೆ ಸೈಕಲ್ಲಿನಿಂದ ಇಳಿಯುತ್ತಾರೆ. ಭಕ್ತಿಯಿಂದಲ್ಲ. ಮಾತಿಗೆ ಸಿಕ್ಕರೆ ಅಕ್ಕೋರು ಎಲ್ಲಿ ಕ್ರಿಯಾಪದ ತಿದ್ದಿಬಿಡುತ್ತಾರೋ ಎಂದು ಹೆದರಿ, ಇಳಿದವರು ಹಾಗೆಯೇ ಪಕ್ಕದ ಓಣಿಗೆ ತಿರುಗುತ್ತಾರೆ. ಮದುವೆಯ ಲಗ್ನಪತ್ರಿಕೆ ಕೊಡಲು ಬಂದವರ ಮುಂದೆಯೇ ಅದನ್ನು ಕೆಂಪು ಶಾಯಿಯಿಂದ ತಿದ್ದಿ ವಾಪಸು ಕೊಟ್ಟವಳು ನಾನು.

ನನಗೆ ಒಬ್ಬನೇ ಅಣ್ಣ, ಗೋಪನಕೊಪ್ಪದಲ್ಲಿದ್ದಾನೆ. ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುತ್ತಿದ್ದವನು. ನಿವೃತ್ತನಾಗಿ ವರ್ಷಗಳಾದರೂ ಮನೆಯಲ್ಲಿ ಚಹಾ ಕೇಳುವಾಗಲೂ ಪ್ರಯಾಣಿಕರ ಗಮನಕ್ಕೆ ಎಂಬ ಧಾಟಿಯಲ್ಲೇ ಕೇಳುತ್ತಾನೆ. ಅವನ ಒಬ್ಬಳೇ ಮಗಳು ವೀಣಾ. ನನಗೆ ಮಕ್ಕಳಿಲ್ಲ. ಅರ್ಧ ವೀಣಾ ನನ್ನ ಮನೆಯಲ್ಲೇ ಬೆಳೆದಳು. ಧಾರವಾಡದಲ್ಲಿ ಭಾಷಾಶಾಸ್ತ್ರ ಓದಿದಳು, ಆಮೇಲೆ ಜರ್ಮನಿಯ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡಲು ಅವಳಿಗೆ ಕರೆ ಬಂತು. ಮಾತು ಕಿವಿಗೆ ಬಿದ್ದಾಗ ಅದರ ವ್ಯಾಕರಣವನ್ನು ಮೆದುಳು ಹೇಗೆ ಅರಗಿಸಿಕೊಳ್ಳುತ್ತದೆ ಎಂಬುದು ವಿಷಯ.

ಅಣ್ಣ ಬೇಡವೆಂದ. ನಾನು ಹೋಗಲಿ ಎಂದೆ. ಅವನ ಪಡಸಾಲೆಯಲ್ಲಿ ವಾದ ಏರಿತು.

"ಅಲ್ಲಿ ಹೋಗಿ ಆಕಿ ಏನ ತರ್ತಾಳ? ಬರಿಗೈಲೆ ಬರ್ತಾಳ ನೋಡು," ಎಂದ.

"ಯಾಕ ಬರಿಗೈಲೆ ಬರ್ತಾಳ? ನಮ್ಮ ಹುಡಿಗಿ ಶ್ಯಾಣ್ಯಾ ಅದಾಳ," ಎಂದೆ.

ಆಗ ಅವನು ಅಂದ: "ನಿನಗ ಮಕ್ಕಳಿಲ್ಲ. ನಿನಗೇನ ಗೊತ್ತಾಗತೈತಿ."

ಇಪ್ಪತ್ತೇಳು ವರ್ಷ ಮಂದಿಯ ವಾಕ್ಯ ತಿದ್ದಿದವಳು ನಾನು. ಆ ವಾಕ್ಯದಲ್ಲಿ ತಿದ್ದುವಂಥದ್ದು ಒಂದೂ ಇರಲಿಲ್ಲ. ಅರ್ಧ ಕುಡಿದ ಚಹಾದ ಬಟ್ಟಲನ್ನು ಅಲ್ಲೇ ಇಟ್ಟು ಎದ್ದು ಬಂದೆ. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟೆ.

ಮಾತು ಬಿಡುವುದೆಂದರೆ ನಮ್ಮ ಕಡೆ ಹುಡುಗಾಟವಲ್ಲ, ಅದಕ್ಕೊಂದು ಶಿಸ್ತಿದೆ. ಬಳಗದ ಮದುವೆಯೊಂದರಲ್ಲಿ ಅಣ್ಣ ಗೋಧಿ ಹುಗ್ಗಿ ಬಡಿಸುತ್ತ ನನ್ನ ಎಲೆಯ ಮುಂದೆ ಬಂದ. ನಾನು ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೆ, "ಬಡಸೋರಿಗೆ ಸಾಕು ಅಂತ ಹೇಳ್ರಿ," ಎಂದೆ. ಅಣ್ಣನೂ ಅವರಿಗೇ, "ಉಣ್ಣೋರಿಗೆ ಇನ್ನೊಂದ ಸೌಟ ಹಾಕಾಕತ್ತೇನಿ ಅಂತ ಹೇಳ್ರಿ," ಎಂದ. ಆ ತಾಯಿ ಅತ್ತ ಇತ್ತ ತಿರುಗಿ ಸುದ್ದಿ ಮುಟ್ಟಿಸುವುದರಲ್ಲೇ ಅವರ ಎಲೆಯ ಹುಗ್ಗಿ ಆರಿ ತಣ್ಣಗಾಯಿತು. ಹೀಗೆ ಐದು ವರ್ಷ ನಡೆಯಿತು.

ಐದನೆಯ ವರ್ಷ, ನನ್ನ ಬೇಸಿಗೆ ರಜೆಯಲ್ಲಿ, ವೀಣಾನ ಫೋನು ಬಂತು.

"ಅತ್ತೀ, ನನಗ ಇನ್ನೊಂದ ತಲಿ ಬೇಕಾಗೇತಿ. ನೀ ಬಾ."

ವಿಷಯ ಇಷ್ಟು. ತಲೆಗೆ ವೈರುಗಳ ಟೊಪ್ಪಿಗೆ ಹಾಕಿ ಕನ್ನಡ ವಾಕ್ಯಗಳನ್ನು ಕೇಳಿಸುತ್ತಾರೆ. ಅರ್ಧ ಸರಿ, ಅರ್ಧ ಬೇಕೆಂತಲೇ ಕೆಡಿಸಿದವು. ವ್ಯಾಕರಣ ಕೆಟ್ಟ ಪದ ಕಿವಿಗೆ ಬಿದ್ದು ಅರ್ಧ ಸೆಕೆಂಡು ಆಗುವಷ್ಟರಲ್ಲಿ ಮೆದುಳಿನ ವಿದ್ಯುತ್ತಿನಲ್ಲಿ ಒಂದು ಸಣ್ಣ ಅಲೆ ಏಳುತ್ತದಂತೆ. ಎಷ್ಟು ಸಣ್ಣದೆಂದರೆ ಒಂದು ವಾಕ್ಯದಿಂದ ಏನೂ ಕಾಣುವುದಿಲ್ಲ. ನಾನೂರು ವಾಕ್ಯ ಕೇಳಿಸಿ, ಸರಾಸರಿ ತೆಗೆದರೆ ಆಗ ಕಾಣುತ್ತದೆ. ದಿನವೆಲ್ಲ ಕನ್ನಡವನ್ನೇ ಆಡುವ ಹದಿನಾರು ತಲೆ ಬೇಕು. ಹದಿನೈದು ಆಗಿದ್ದವು. ಹದಿನಾರನೆಯವರು ಯಂತ್ರದ ಕೋಣೆಯಲ್ಲಿ ಗೊರಕೆ ಹೊಡೆದಿದ್ದರು. ನಾನು ಹೋಗಿ ಮುಟ್ಟುವ ವಾರದ ಶುಕ್ರವಾರ ಮುಗಿದರೆ ಆ ಕೋಣೆ ಬೇರೆಯವರ ಪಾಲಾಗುತ್ತದೆ, ಅದು ಮತ್ತೆ ಸಿಗುವಷ್ಟರಲ್ಲಿ ವೀಣಾನ ಅವಧಿಯೇ ಮುಗಿಯುತ್ತದೆ. ಪ್ರಬಂಧ ಅಲ್ಲಿಗೆ ನಿಂತಂತೆ. ಅಂದರೆ ವೀಣಾ ಬರಿಗೈಯಲ್ಲಿ ವಾಪಸು. ಅಂದರೆ ಅಣ್ಣ ಅಂದದ್ದೇ ಖರೆ.

ನಾನು ಅವತ್ತೇ ಜೋಳದ ಕಡಕ್ ರೊಟ್ಟಿ ಬಡಿಯಲು ಕೂತೆ.

ವಿಮಾನ ನಿಲ್ದಾಣ

ಇಳಿದ ಕೂಡಲೇ ರೊಟ್ಟಿ ನನ್ನನ್ನು ಸಿಕ್ಕಿಹಾಕಿಸಿತು. ಎಕ್ಸ್‌ರೇ ಪರದೆಯ ಮೇಲೆ ನಲವತ್ತು ದುಂಡನೆಯ ತಟ್ಟೆಗಳು ಒಂದರ ಮೇಲೊಂದು ಕಂಡವು. ಕಸ್ಟಮ್ಸಿನ ಅಧಿಕಾರಿ ಒಂದನ್ನು ತೆಗೆದು ಬೆರಳಿನಿಂದ ಬಡಿದ. ಟಣ್ ಎಂದಿತು. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಬ್ರೆಡ್ಡು ಎಂದೆ. ಅವನು ನನ್ನನ್ನೂ ರೊಟ್ಟಿಯನ್ನೂ ಎರಡೆರಡು ಸಲ ನೋಡಿದ. ನನಗೆ ಸಿಟ್ಟು ಬಂತು. ಒಂದನ್ನು ಮುರಿದು, ಶೇಂಗಾ ಚಟ್ನಿ ಉದುರಿಸಿ, ಅವನ ಮುಂದೆಯೇ ಕಟಕಟ ತಿಂದೆ. ಅವನಿಗೂ ಒಂದು ಚೂರು ಕೊಟ್ಟೆ. ತಿಂದ, ಕಣ್ಣಲ್ಲಿ ನೀರು ತಂದುಕೊಂಡ, ಚಟ್ನಿಯ ಡಬ್ಬಿಯನ್ನು ಎರಡೂ ಕೈಯಿಂದ ಮುಚ್ಚಿ, ಹೋಗಿ ಎಂದು ಬಾಗಿಲು ತೋರಿಸಿದ.

ವೀಣಾ ಹೊರಗೆ ನಿಂತಿದ್ದಳು. ಸೊರಗಿದ್ದಳು. ನನ್ನನ್ನು ತಬ್ಬಿಕೊಂಡು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ತಲೆಯನ್ನು. ಇರಲಿ, ಅದಕ್ಕೇ ಕರೆಸಿದ್ದಲ್ಲವೇ.

ಸೋಮವಾರ, ಟ್ರಾಮು

ಆ ಊರಿನ ಜನ ಒಳ್ಳೆಯವರು, ಆದರೆ ವಿಚಿತ್ರ. ರಸ್ತೆ ದಾಟುವ ಕಡೆ ಮನುಷ್ಯನ ಆಕಾರದ ಒಂದು ಕೆಂಪು ದೀಪ. ರಸ್ತೆಯಲ್ಲಿ ಗಾಡಿಯಿಲ್ಲ, ನಾಯಿಯಿಲ್ಲ, ಗಾಳಿ ಕೂಡ ಇಲ್ಲ. ಆರು ಜನ ಆ ದೀಪವನ್ನು ನೋಡುತ್ತ ಕೈಕಟ್ಟಿ ನಿಂತಿದ್ದಾರೆ. ಚೆನ್ನಮ್ಮ ಸರ್ಕಲ್ಲಿನಲ್ಲಿ ಆಟೋ, ಎಮ್ಮೆ, ಸಿಟಿ ಬಸ್ಸು ಮೂರನ್ನೂ ಒಟ್ಟಿಗೆ ತಡೆದು ದಾಟಿದವಳಿಗೆ ಇದೇನು ಲೆಕ್ಕ ಎಂದು ದಾಟಿಬಿಟ್ಟೆ. ಆಚೆ ದಂಡೆಯಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ಐದು ನಿಮಿಷ ನನ್ನನ್ನು ಬೈದಳು. ಭಾಷೆ ತಿಳಿಯಲಿಲ್ಲ. ಆದರೂ ಅವಳು ಉಸಿರು ತೆಗೆದುಕೊಳ್ಳಲು ನಿಂತಲ್ಲೆಲ್ಲ ನಾನು ಹೂಂ, ಹೂಂ ಎಂದೆ. ದೊಡ್ಡವರು ಮಾತಾಡುವಾಗ ಸುಮ್ಮನೆ ನಿಲ್ಲಬಾರದಲ್ಲ.

ಟ್ರಾಮಿನಲ್ಲಿ ಇನ್ನೂ ಕಷ್ಟ. ಐವತ್ತು ಜನ, ಒಂದು ಪಿಸುಮಾತಿಲ್ಲ. ಹುಬ್ಬಳ್ಳಿ ಧಾರವಾಡದ ಬಸ್ಸು ನವನಗರ ದಾಟುವಷ್ಟರಲ್ಲಿ ಪಕ್ಕದವಳ ಸೊಸೆಯ ಬಾಣಂತನದ ತನಕ ನನಗೆ ತಿಳಿದಿರುತ್ತದೆ. ಇಲ್ಲಿ ಪಕ್ಕದ ಗಂಡಸಿಗೆ ಯಾವೂರು ಎಂದು ಕೇಳಿದ್ದಕ್ಕೆ ಅವನು ಎದ್ದು ನನಗೆ ತನ್ನ ಸೀಟನ್ನೂ ಬಿಟ್ಟುಕೊಟ್ಟು ಹೋದ.

ಪ್ರಯೋಗಶಾಲೆಯಲ್ಲಿ ವೀಣಾನ ಪ್ರೊಫೆಸರನ್ನು ಕಂಡೆ. ಎತ್ತರದ, ಬಿಳಿಗಡ್ಡದ ಮನುಷ್ಯ. ಅವರಾಗಿಯೇ ಪ್ರಯಾಣ ಹೇಗಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು, ಹೇಳಿದೆ. ನಾನು ಹೇಳುತ್ತಲೇ ಇದ್ದೆ, ಅವರು ಕಣ್ಣು ಮಿಟುಕಿಸದೆ ನಿಂತೇ ಇದ್ದರು. ಒಂದು ಹೂಂ ಇಲ್ಲ, ಒಂದು ತಲೆದೂಗಾಟ ಇಲ್ಲ. ನಾನು ಗಾಬರಿಯಾಗಿ ವೀಣಾನ ಕಿವಿಯಲ್ಲಿ, "ಇವರು ನನ್ನ ಮ್ಯಾಲೆ ಸಿಟ್ಟಾಗ್ಯಾರೇನ?" ಎಂದೆ.

"ಇಲ್ಲತ್ತಿ, ಕೇಳಾಕತ್ತಾರ," ಎಂದಳು.

ನನಗೆ ನಂಬಿಕೆ ಬರಲಿಲ್ಲ.

ಮಂಗಳವಾರ, ತಲೆ ತೋರಿಸಲು ಹೋದದ್ದು

ನಾಳೆ ಮುಂಜಾನೆ ಹತ್ತಕ್ಕೆ ತಲೆ ನೋಡುತ್ತಾರೆ ಎಂದು ವೀಣಾ ಹೇಳಿದ್ದಳು. ಅಷ್ಟೇ ಹೇಳಿ, ಮರುದಿನ ಬೇಗನೆ ಪ್ರಯೋಗಶಾಲೆಗೆ ಹೋಗಿಬಿಟ್ಟಳು, ನನ್ನನ್ನು ಕರೆದೊಯ್ಯಲು ವಾಪಸು ಬರುವವಳಿದ್ದಳು. ಪರದೇಶದ ದೊಡ್ಡ ದೊಡ್ಡವರು ತಲೆಯನ್ನೇ ನೋಡುತ್ತಾರೆ ಎಂದ ಮೇಲೆ ಕೆದರಿದ ತಲೆಯಲ್ಲಿ ಹೋಗುವುದು ಹೇಗೆ? ಊರಿನಿಂದ ತಂದಿದ್ದ ಕೊಬ್ಬರಿ ಎಣ್ಣೆಯನ್ನು ಬಿಸಿ ಮಾಡಿದೆ. ದಿನಕ್ಕಿಂತ ಎರಡು ಪಾಲು ಹೆಚ್ಚಾಗಿಯೇ ನೆತ್ತಿಗೆ ತಟ್ಟಿ ತಟ್ಟಿ ಇಳಿಸಿದೆ. ಬಿಗಿಯಾಗಿ ಹೆರಳು ಹಾಕಿದೆ. ಕನ್ನಡಿಯಲ್ಲಿ ತಲೆ ಮಿರಮಿರ ಮಿಂಚುತ್ತಿತ್ತು. ನಮ್ಮ ಹುಡುಗಿಯ ಮರ್ಯಾದೆಯ ಪ್ರಶ್ನೆ.

ವೀಣಾ ಬಂದಾಗ ನಾನು ಸೆರಗು ಹೊದ್ದು ಬಾಗಿಲಲ್ಲಿ ತಯಾರಾಗಿ ನಿಂತಿದ್ದೆ, ಅವಳು ಗಮನಿಸಲಿಲ್ಲ. ಪ್ರಯೋಗಶಾಲೆಯಲ್ಲಿ ಟೊಪ್ಪಿಗೆ ಹಾಕುವ ಕೆಲಸ ಉರ್ಸುಲಾ ಎಂಬ ಗಟ್ಟಿಮುಟ್ಟಾದ ಹೆಂಗಸಿನದು. ಅವಳು ನನ್ನ ಸೆರಗು ಸರಿಸಿ ನೆತ್ತಿ ಮುಟ್ಟಿದಳು. ಕೈ ಜಾರಿತು. ಮೂಸಿ ನೋಡಿದಳು. ಆಮೇಲೆ ಜರ್ಮನಿನಲ್ಲಿ ಒಂದೇ ಪದ ಅಂದಳು. ವೀಣಾ ಅದನ್ನು ಅನುವಾದಿಸಲಿಲ್ಲ.

"ಅತ್ತೀ, ಎಣ್ಣಿ ಇದ್ರ ಕರೆಂಟ ಹಿಡಿಯಂಗಿಲ್ಲ," ಎಂದು ಹಣೆ ಹಿಡಿದುಕೊಂಡಳು.

"ತಲಿ ನೋಡ್ತಾರ ಅಂದಿ. ಒಳಗಿಂದು ನೋಡ್ತಾರ ಅಂತ ಬಿಡಿಸಿ ಹೇಳಬೇಕೋ ಬ್ಯಾಡೋ," ಎಂದೆ.

ಉರ್ಸುಲಾ ಬಚ್ಚಲಿನ ತೊಟ್ಟಿಯ ಮುಂದೆ ನನ್ನನ್ನು ಬಗ್ಗಿಸಿ ಐದು ಸಲ ಶಾಂಪೂ ಹಾಕಿ ತಿಕ್ಕಿದಳು. ಹೆತ್ತ ತಾಯಿಯೂ ನನ್ನನ್ನು ಹಾಗೆ ತಿಕ್ಕಿರಲಿಲ್ಲ. ಐದನೆಯ ಸಲವೂ ನೀರಿನ ಮೇಲೆ ಎಣ್ಣೆ ತೇಲಿತು. ಆ ದಿನ ಹೋಯಿತು.

ಬುಧವಾರ, ಕಿಟಕಿಯಿಲ್ಲದ ಕೋಣೆ

ಮರುದಿನ ಒಣಗಿ ಹುಲ್ಲಾದ ಕೂದಲಿನಲ್ಲಿ ಹೋದೆ. ಅರವತ್ತು ತೂತುಗಳ ಟೊಪ್ಪಿಗೆಯನ್ನು ಗದ್ದದ ಕೆಳಗೆ ಬಿಗಿದು, ತೂತಿಗೊಂದರಂತೆ ಲೋಳೆ ತುಂಬಿ, ವೈರು ಚುಚ್ಚಿ, ಕಿಟಕಿಯಿಲ್ಲದ ಕೋಣೆಯಲ್ಲಿ ಒಂದು ಆರಾಮಕುರ್ಚಿಯ ಮೇಲೆ ಕೂರಿಸಿದರು. ಎದುರಿಗೆ ಪರದೆ, ಅದರ ಮೇಲೊಂದು ಅಧಿಕ ಚಿಹ್ನೆ. ಅದನ್ನೇ ನೋಡಬೇಕು. ವಾಕ್ಯ ಕೇಳುವಾಗ ರೆಪ್ಪೆ ಬಡಿಯಬಾರದು, ದವಡೆ ಅಲುಗಿಸಬಾರದು, ತಲೆ ಆಡಿಸಬಾರದು. ಮುಗಿದ ಮೇಲೆ ಸರಿಯೋ ತಪ್ಪೋ ಎಂದು ಗುಂಡಿ ಒತ್ತಬೇಕು. ಕೆಲಸ ಅಷ್ಟೇ.

ಸ್ಪೀಕರಿನಲ್ಲಿ ಮೊದಲೇ ಮುದ್ರಿಸಿಟ್ಟ ವೀಣಾನ ಧ್ವನಿ ಬಂತು: "ರೈತನು ಹೊಲಕ್ಕೆ ಹೋದನು."

"ಹೂಂ," ಎಂದೆ.

"ಹುಡುಗಿಯರು ನಿನ್ನೆ ಹಾಲು ಕುಡಿದನು."

"ಕುಡಿದರು ಅನ್ನು," ಎಂದೆ.

ಹೊರಗಿನ ಕೋಣೆಯಿಂದ ಮೈಕಿನಲ್ಲಿ ನಿಜವಾದ ವೀಣಾ, "ಅತ್ತೀ, ತಿದ್ದಬ್ಯಾಡ, ಬರೇ ಕೇಳು," ಎಂದಳು. ಸರಿ, ತಿದ್ದುವುದನ್ನು ಕಷ್ಟಪಟ್ಟು ಬಿಟ್ಟೆ. ಆದರೆ ಹೂಂ ಬಿಡಲಿಲ್ಲ. ಬಿಡಬೇಕೆಂದು ನನಗೆ ಗೊತ್ತೇ ಆಗಲಿಲ್ಲ, ಅದು ಬರುತ್ತಿದೆಯೆಂಬುದೇ ತಿಳಿಯುವುದಿಲ್ಲ. ಹುಡುಗಿ ಇಷ್ಟು ಕಷ್ಟಪಟ್ಟು ಒಂದೊಂದೇ ವಾಕ್ಯ ಹೇಳುತ್ತಿದ್ದರೆ ಕಲ್ಲಿನ ಹಾಗೆ ಕೂರಲು ಯಾರಿಗೆ ಮನಸ್ಸು ಬರುತ್ತದೆ?

ಹೊರಗೆ ಪ್ರೊಫೆಸರು ಮೊದಲು ಬಹಳ ಖುಷಿಯಾದರಂತೆ. ಪರದೆಯ ಮೇಲೆ ಅವರು ಜನ್ಮದಲ್ಲಿ ಕಾಣದಷ್ಟು ದೊಡ್ಡ ಅಲೆಗಳು. ಏನು ಮೆದುಳಪ್ಪ ಇದು ಎಂದು ಕುರ್ಚಿ ಮುಂದೆ ಎಳೆದುಕೊಂಡರಂತೆ. ಸರಿಯಾದ ವಾಕ್ಯಕ್ಕೂ ಅಷ್ಟೇ ದೊಡ್ಡ ಅಲೆ ಏಳುವುದನ್ನು ನೋಡಿ ಅನುಮಾನ ಬಂತು. ಅದು ಮೆದುಳಲ್ಲ, ನನ್ನ ದವಡೆ ಮತ್ತು ಕುತ್ತಿಗೆ. ವಾಕ್ಯಕ್ಕೊಂದು ಹೂಂ, ಹೂಂಗೊಂದು ತಲೆದೂಗು. ಎರಡು ತಾಸಿನ ದಾಖಲೆ ಕಸದ ಬುಟ್ಟಿಗೆ ಹೋಯಿತು.

ಗುರುವಾರ

ಗುರುವಾರ ಹೂಂ ಹಿಡಿಯುವ ಕೆಲಸ. ಉರ್ಸುಲಾ ತುಟಿಗಳನ್ನು ಒತ್ತಿ ಮುಚ್ಚಿಕೊಳ್ಳಿ ಎಂದು ತೋರಿಸಿದಳು. ಮುಚ್ಚಿಕೊಂಡೆ. ಹೂಂ ಎನ್ನಲು ಬಾಯಿಯೇ ಬೇಡ ಎಂಬುದು ನಮಗೆಲ್ಲ ಆಗ ತಿಳಿಯಿತು, ಅದು ಮೂಗಿನಿಂದಲೇ ಬರುತ್ತದೆ. ಮೂಗು ಹಿಡಿದುಕೊಂಡು ನೋಡಿದೆ, ತಲೆ ಇನ್ನೂ ಜೋರಾಗಿ ಆಡಿತು. ಕುತ್ತಿಗೆಗೆ ದಿಂಬು ಕೊಟ್ಟರು, ಹುಬ್ಬು ಕುಣಿಯಿತು. ಮಧ್ಯಾಹ್ನ ಪ್ರೊಫೆಸರು ಕೋಣೆಯೊಳಗೆ ಬಂದು, ಕೈ ಜೋಡಿಸಿ, ಮೇಡಂ, ದಯವಿಟ್ಟು ಎಂದರು. ಅಂಥ ಮನುಷ್ಯ ಕೈ ಜೋಡಿಸಿದ್ದು ನೋಡಿ ನನಗೆ ಅಳು ಬಂತು. ಅದೂ ಯಂತ್ರದಲ್ಲಿ ದಾಖಲಾಯಿತು.

ಸಂಜೆ ವೀಣಾನ ಅಡುಗೆಮನೆಯಲ್ಲಿ ಇಬ್ಬರೂ ರೊಟ್ಟಿ ಮುಂದಿಟ್ಟುಕೊಂಡು ಕೂತೆವು. ಅವಳು ಮುರಿದ ಚೂರನ್ನು ಬಾಯಿಗೆ ಹಾಕದೆ ತಿರುಗಿಸುತ್ತಿದ್ದಳು. ಅವಳ ಸಪ್ಪೆ ಮುಖ ನೋಡಿ ನನಗೆ ನನ್ನ ಮೇಲೇ ಪಿತ್ತ ನೆತ್ತಿಗೇರಿತು. ಇಷ್ಟು ದೂರ ಬಂದು ಹುಡುಗಿಯ ಕೆಲಸ ಕೆಡಿಸುತ್ತಿದ್ದೆ.

"ನಾ ಏನ ಮಾಡ್ಲಿ ವೀಣವ್ವಾ," ಎಂದೆ. "ನಮ್ಮ ಕಡೆ ಯಾರರ ಮಾತಾಡಾಕತ್ರ ಹೂಂ ಅನ್ನದ ಕುಂದ್ರೂದು ಯಾವಾಗ? ಅವರ ಜೋಡಿ ಮಾತ ಬಿಟ್ಟಾಗ ಅಷ್ಟ. ನಿನ್ನ ಜೋಡಿ ನಾ ಮಾತ ಬಿಡಾಕ ಆಗತೈತೇನ?"

ವೀಣಾ ತಲೆ ಎತ್ತಿ ನನ್ನನ್ನು ನೋಡಿದಳು. ಎದ್ದು ಬಾಗಿಲು ಹಾಕಿ ಬಂದಳು, ಯಾರೂ ಇಲ್ಲದ ಮನೆಯಲ್ಲಿ.

"ಅತ್ತೀ, ಒಂದ ಹೇಳ್ತೇನಿ, ಸಿಟ್ಟ ಆಗಬ್ಯಾಡ. ಆ ಹದಿನೈದ ಮಂದಿ ಕೇಳಿದ್ದು ನನ್ನ ಧ್ವನಿ ಅಲ್ಲ. ಅಪ್ಪಾನ ಧ್ವನಿ."

ಎರಡು ವರ್ಷದ ಹಿಂದೆ ಊರಿಗೆ ಬಂದಾಗ ಅಣ್ಣನಿಂದಲೇ ನಾನೂರು ವಾಕ್ಯ ಓದಿಸಿಕೊಂಡಿದ್ದಳು. ಸ್ಪಷ್ಟ ಮಾತು, ಮೈಕಿನ ರೂಢಿ, ಇನ್ನಾರು ಬೇಕು? ನನಗೋಸ್ಕರ, ನನಗೆ ನೋವಾಗದಿರಲೆಂದು, ಎಲ್ಲವನ್ನೂ ತನ್ನ ಧ್ವನಿಯಲ್ಲಿ ಮತ್ತೆ ಓದಿದ್ದಳು. ಒಬ್ಬರಿಗೆ ಒಂದು ಧ್ವನಿ, ಉಳಿದವರಿಗೆ ಇನ್ನೊಂದು ಎಂದರೆ ಲೆಕ್ಕ ಸರಿಬರುವುದಿಲ್ಲ ಎಂದು ಪ್ರೊಫೆಸರು ಗೊಣಗಿದ್ದರಂತೆ.

"ಬೇಕೆಂತ ಕೆಡಿಸಿದ ವಾಕ್ಯ ಓದಾಕ ಅವ ಒಪ್ಪಿದ್ನೇನ?" ಎಂದು ಕೇಳಿದೆ.

"ಭಾಳ ಜಗಳಾಡಿದ. ಇಷ್ಟ ತಪ್ಪ ಓದಿದ್ದು ಶಾಂತಾಗ ಗೊತ್ತಾದ್ರ ಏನಂದಾಳು ಅಂದ. ಆಮ್ಯಾಲೆ ಓದಿದ."

ಐದು ವರ್ಷ ಅವನ ಒಂದು ಮಾತಿಗೆ ನಾನು ಹೂಂ ಎಂದಿರಲಿಲ್ಲ. ಈ ಭೂಮಿಯ ಮೇಲೆ ನನ್ನ ಕುತ್ತಿಗೆ ಅಲುಗಿಸಲಾಗದ ಧ್ವನಿ ಇದ್ದರೆ ಅದೊಂದೇ.

"ಹಚ್ಚು ಅದನ್ನ," ಎಂದೆ. "ನಾಳೆ ನನ್ನ ರೆಪ್ಪಿ ಬಡದ್ರ ಕೇಳು."

ಶುಕ್ರವಾರ

ಮತ್ತೆ ಟೊಪ್ಪಿಗೆ, ಮತ್ತೆ ಲೋಳೆ. ಕೋಣೆಯ ಬಾಗಿಲು ಮುಚ್ಚಿತು. ಅಧಿಕ ಚಿಹ್ನೆಯನ್ನು ದಿಟ್ಟಿಸಿ ಹಲ್ಲು ಸಡಿಲ ಬಿಟ್ಟು ಕೂತೆ. ಸ್ಪೀಕರು ಒಮ್ಮೆ ಕೆಮ್ಮಿತು. ಆಮೇಲೆ ಅಣ್ಣ ಮಾತಾಡಿದ.

"ರೈತನು ಹೊಲಕ್ಕೆ ಹೋದನು."

ಹೊಲಕ್ಕೆ ಹೋಗುವ ರೈತ ಮೂರನೆಯ ಪ್ಲಾಟ್‌ಫಾರ್ಮಿನಿಂದ ಹೊರಡಲಿದ್ದಾನೆ ಎಂಬ ಧಾಟಿ. ನಾನು ಮಿಸುಕಲಿಲ್ಲ. ನಿನಗ ಮಕ್ಕಳಿಲ್ಲ, ನಿನಗೇನ ಗೊತ್ತಾಗತೈತಿ. ಆ ಮಾತನ್ನು ಮನಸ್ಸಿನಲ್ಲಿ ಒಂದು ಸಲ ಅಂದುಕೊಂಡೆ, ಮೈಯೆಲ್ಲ ಬಿಗಿಯಿತು. ಗುಂಡಿ ಒತ್ತಿದೆ. ಮುಂದಿನ ವಾಕ್ಯ ಬಂತು. ಮತ್ತೆ ಅಂದುಕೊಂಡೆ, ಮತ್ತೆ ಒತ್ತಿದೆ. ಐವತ್ತು ವಾಕ್ಯ ಮುಗಿದು ವಿರಾಮ ಕೊಟ್ಟಾಗ ಉರ್ಸುಲಾ ಓಡಿಬಂದು ಹೆಬ್ಬೆರಳು ಎತ್ತಿ ತೋರಿಸಿದಳು. ಗೆರೆಗಳು ನೂಲು ಹಿಡಿದಂತೆ ನೆಟ್ಟಗೆ ಬರುತ್ತಿದ್ದವಂತೆ.

ತೊಂದರೆ ಶುರುವಾದದ್ದು ಇನ್ನೂರು ದಾಟಿದ ಮೇಲೆ. ಸಿಟ್ಟು ತೀರುತ್ತ ಬಂದಿತ್ತು, ವಾಕ್ಯಗಳು ಇನ್ನೂ ಅರ್ಧ ಉಳಿದಿದ್ದವು. ಒಂದೇ ಮಾತನ್ನು ಇನ್ನೂರು ಸಲ ಅಂದುಕೊಂಡರೆ ಅದರ ಖಾರ ಎಷ್ಟು ಉಳಿದೀತು? ಹಳೆಯ ಸಿಟ್ಟುಗಳನ್ನೆಲ್ಲ ಹುಡುಕಿ ಹುಡುಕಿ ಎಳೆದೆ. ಮೂರನೆಯ ಇಯತ್ತೆಯಲ್ಲಿ ಅವನು ನನ್ನ ಪಾಟಿ ಒಡೆದದ್ದು. ನನ್ನ ಪಾಲಿನ ಕರದಂಟು ತಿಂದು ಇಲಿಯ ಮೇಲೆ ಹಾಕಿದ್ದು. ನನ್ನ ಮದುವೆಯಲ್ಲಿ ಬೀಗರನ್ನು ಮೈಕಿನಲ್ಲಿ ಊಟಕ್ಕೆ ಕರೆದು ಹೆಸರು ತಪ್ಪಾಗಿ ಕೂಗಿದ್ದು. ಕರದಂಟು ಇಪ್ಪತ್ತು ವಾಕ್ಯ ಸಾಗಿತು, ಪಾಟಿ ಹತ್ತೂ ಸಾಗಲಿಲ್ಲ.

ಅಷ್ಟರಲ್ಲಿ ಆ ವಾಕ್ಯ ಬಂತು: "ತಂಗಿ ಹಬ್ಬಕ್ಕೆ ನಮ್ಮ ಮನೆಗೆ ಬಂದಳು."

ವೀಣಾ ಬರೆದದ್ದು, ಅವನು ಸುಮ್ಮನೆ ಓದಿದ್ದು. ಅದರ ಮುಂದಿನದು ಎಮ್ಮೆಯ ವಿಷಯ. ಆದರೆ ಈ ಒಂದನ್ನು ಅವನು ಬಸ್ಸಿನ ಧಾಟಿಯಲ್ಲಿ ಓದಿರಲಿಲ್ಲ. ತಂಗಿ ಎಂದ ಮೇಲೆ ತುಸು ನಿಂತಿದ್ದ. ಎರಡು ಗುಂಡಿಗಳ ಮೇಲೆ ನನ್ನ ಬೆರಳು ಸುಮ್ಮನೆ ಉಳಿಯಿತು. ವ್ಯಾಕರಣ ಸರಿಯಿತ್ತು, ಸುದ್ದಿ ಸುಳ್ಳು. ಐದು ದೀಪಾವಳಿ ನಾನು ಅವನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅದಕ್ಕೊಂದು ಬೇರೆ ಗುಂಡಿ ಅವರು ಇಟ್ಟಿರಲಿಲ್ಲ. ಸರಿ ಎಂದು ಒತ್ತಿದೆ.

ಆಮೇಲೆ ನೂರಕ್ಕೂ ಹೆ‌ಚ್ಚು ವಾಕ್ಯ ಉಳಿದಿದ್ದವು, ನನ್ನ ಹತ್ತಿರ ಒಂದು ಚೂರೂ ಸಿಟ್ಟು ಉಳಿದಿರಲಿಲ್ಲ. ಹೂಂ ಗಂಟಲಿನ ತನಕ ಬಂದು ಬಂದು ನಿಲ್ಲುತ್ತಿತ್ತು. ಎಷ್ಟು ದಿನದಿಂದ ಬಾಕಿಯಿದ್ದ ಹೂಂ ಅದು. ಈಗ ಹೊರಗೆ ಬಿದ್ದರೆ ವೀಣಾ ಬರಿಗೈ. ಕುರ್ಚಿಯ ಹಿಡಿಕೆಯನ್ನು ಮೆಲ್ಲಗೆ ಹಿಡಿದೆ. ಅಳಲೂ ಬಾರದು, ಕಣ್ಣೀರನ್ನೂ ಯಂತ್ರ ಬರೆದುಕೊಳ್ಳುತ್ತದೆ. ವೀಣಾನ ಮುಖವೊಂದನ್ನೇ ನೆನೆಸಿಕೊಂಡು, ಒಳಗೆ ಬೇಯುತ್ತ, ಅಣ್ಣನ ಎಮ್ಮೆ, ರೈತ, ಹುಡುಗಿಯರು, ಅಜ್ಜಿ, ಎಲ್ಲರನ್ನೂ ಒಬ್ಬೊಬ್ಬರಾಗಿ ದಾಟಿಸಿದೆ. ನಾನೂರನೆಯ ವಾಕ್ಯ ಮುಗಿದು ದೀಪ ಹತ್ತಿದಾಗ ನನ್ನ ರವಿಕೆ ಬೆವರಿನಿಂದ ಒದ್ದೆಯಾಗಿತ್ತು.

ಉರ್ಸುಲಾ ನನ್ನನ್ನು ಟೊಪ್ಪಿಗೆ ಸಮೇತ ಅಪ್ಪಿಕೊಂಡಳು. ಪ್ರೊಫೆಸರು ಲೆಕ್ಕ ಹಾಕಿಸಿ ಪರದೆ ತಿರುಗಿಸಿದರು. ಎರಡು ಗೆರೆ: ಸರಿಯಾದ ವಾಕ್ಯಗಳದು ಕಪ್ಪು, ಕೆಟ್ಟವುಗಳದು ಕೆಂಪು. ಜೊತೆಜೊತೆಗೆ ಬಂದು, ತಪ್ಪು ಪದ ಕಿವಿಗೆ ಬಿದ್ದು ಅರ್ಧ ಸೆಕೆಂಡಿಗೆ ಕೆಂಪು ಗೆರೆ ಬೇರೆಯಾಗಿ ಮೇಲೆದ್ದಿತ್ತು. ನನ್ನ ಕೆಂಪು ಶಾಯಿ ಇಷ್ಟು ವರ್ಷ ಎಲ್ಲಿಂದ ಬರುತ್ತಿತ್ತೆಂದು ಕಣ್ಣಾರೆ ನೋಡಿದೆ. ವೀಣಾ ಗೋಡೆಗೆ ಒರಗಿ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹದಿನಾರು ಆಯಿತು.

"ಒಂದ ಫೋನ ಮಾಡಬೇಕಾಗಿತ್ತು," ಎಂದೆ.

ವೀಣಾ ಯಾರಿಗೆ ಎಂದು ಕೇಳಲಿಲ್ಲ. ಪ್ರೊಫೆಸರು ತಮ್ಮ ಕೋಣೆ ತೋರಿಸಿ ಹೊರಗೆ ಹೋದರು. ನಂಬರು ಬಾಯಲ್ಲೇ ಇತ್ತು. ಗೋಪನಕೊಪ್ಪದಲ್ಲಿ ಆಗ ಸಂಜೆಯ ಚಹಾದ ಹೊತ್ತು. ಆಡಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡೆ. ಐದು ವರ್ಷದ್ದೆಲ್ಲ ಒಮ್ಮೆಲೇ ಆಡಿಬಿಡಬೇಕು.

"ಹಲೋ, ಯಾರ್ರಿ ಮಾತಾಡೋದು?" ಮುಂಜಾನೆಯಿಂದ ಕೇಳಿದ್ದ ಅದೇ ಧ್ವನಿ.

"ನಾ ಶಾಂತಾ," ಎಂದೆ. "ವೀಣಾನ ಕೆಲಸ ಆತು. ಆಕಿ ಬರಿಗೈಲೆ ಬರಂಗಿಲ್ಲ. ಕೇಳಿಸ್ತೇನ? ನಾ ಗೆದ್ದೆ. ನೀ ಸೋತಿ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು, ಕೂತ ಸದ್ದಾಯಿತು.

"ಸೋತೆನವಾ," ಎಂದ. ಬಸ್ಸು ಕೂಗುವ ಧ್ವನಿಯಲ್ಲ ಅದು. "ಐದ ವರ್ಷ ಆತು, ದಿನಾ ಮುಂಜಾನೆ ದೇವರ ಮುಂದ ನಿಂತ ಅದನ್ನ ಬೇಡಕೊಂಡೇನಿ. ನಾ ಸೋಲಬೇಕು, ನನ್ನ ತಂಗಿ ಗೆಲ್ಲಬೇಕು ಅಂತ."

ಜೋಡಿಸಿಕೊಂಡ ಉಳಿದ ಮಾತುಗಳನ್ನೆಲ್ಲ ಬಿಟ್ಟು, ಪ್ರೊಫೆಸರ ಮೇಜಿನ ಮುಂದೆ ನಿಂತು, ತಲೆಯ ಲೋಳೆ ಕಿವಿಯ ಮೇಲೆ ಇಳಿಯುತ್ತಿರಲು, ನಾನು ಜೋರಾಗಿ ಅತ್ತುಬಿಟ್ಟೆ. ಅವನು ಕಾಯ್ದ.

"ಶಾಂತಾ, ಅದೀಯೇನವಾ?" ಎಂದ.

"ಅದೇನಿ," ಎಂದೆ. "ಹೇಳು."